ನೆಲಮಾಳಿಗೆಯ ಪೆಟ್ಟಿಗೆ ಮತ್ತು ಗುಡಿಸುವ ವಾರ

ರೋಸ್ವಿಟಾಳ ಮನೆಯ ಕರೆಗಂಟೆ ಒತ್ತುವವರು ಸಾಮಾನ್ಯವಾಗಿ ಎರಡು ಜಾತಿ. ಕೆಲವರು ಕೂತರೆ ಕಿರುಗುಟ್ಟುವ ಕುರ್ಚಿ ಹೊತ್ತು ತರುತ್ತಿದ್ದರು, ಉಳಿದವರು ಫೋಟೋ ತೆರೆಯದ ಫೋನು ಹಿಡಿದು ಬರುತ್ತಿದ್ದರು. ಕುರ್ಚಿಯವರನ್ನು ಅವಳು ಸಂತೋಷದಿಂದ ಒಳಗೆ ಕರೆಯುತ್ತಿದ್ದಳು. ಫೋನಿನವರನ್ನೂ ಕರೆಯುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಕುಷನ್ ಕೆಲಸ ಅವಳ ಕಸುಬು. ಆಲ್ಬ್ ಬೆಟ್ಟದ ಹಳ್ಳಿಯಿಂದ ಹುಡುಗಿಯಾಗಿದ್ದಾಗ ಸ್ಟುಟ್‌ಗಾರ್ಟ್ ನಗರಕ್ಕೆ ಇಳಿದು ಬಂದು ಕಲಿತದ್ದು. ಸ್ಪ್ರಿಂಗ್ ಕಟ್ಟುವುದು, ಕುದುರೆ ಕೂದಲು ತುಂಬುವುದು, ಬಟ್ಟೆ ಎಳೆದು ಮೊಳೆ ಹೊಡೆಯುವುದು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ ಇರುವುದರಿಂದ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಇಟ್ಟುಕೊಂಡು ಒಂದೊಂದಾಗಿ ತೆಗೆಯಬೇಕು. ಅವಳ ಸಂಸಾರದ ಎಷ್ಟೋ ನಿರ್ಧಾರಗಳು ಅವಳ ಬಾಯಲ್ಲಿ ಮೊಳೆ ಇದ್ದು ಮಾತಾಡಲಾಗದ ಹೊತ್ತಿನಲ್ಲೇ ಆಗಿಹೋಗಿದ್ದವು. ಮಗಳು ಹುಟ್ಟಿದ ಮೇಲೆ ಅಂಗಡಿಯ ಕೆಲಸ ಬಿಟ್ಟದ್ದು ಹಾಗೆ. ನೆಲಮಾಳಿಗೆಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಜಾಗವನ್ನು ಪೆಟ್ಟಿಗೆಗೆ ಬಿಟ್ಟುಕೊಟ್ಟದ್ದೂ ಹಾಗೆಯೇ.

ಪೆಟ್ಟಿಗೆ ಎಂದು ಕರೆಯುತ್ತಿದ್ದವಳು ಅವಳು. ಗಂಡ ಫೋಲ್ಕರ್ ಅದನ್ನು ಸರ್ವರ್ ಎನ್ನುತ್ತಿದ್ದ, ದೇವರ ಹೆಸರು ಹೇಳುವ ದನಿಯಲ್ಲಿ. ಜನರ ಫೋಟೋ, ಪತ್ರ, ಮಾತುಕತೆ ಎಲ್ಲವೂ ದೂರದ ದೊಡ್ಡ ಕಂಪನಿಗಳ ಉಗ್ರಾಣದಲ್ಲಿ ಬಿದ್ದಿರುವುದು ಅವನಿಗೆ ಸಹಿಸದ ಸಂಗತಿ. ನಮ್ಮದು ನಮ್ಮ ಮನೆಯಲ್ಲಿರಬೇಕು, ಊರಿಗೊಂದು, ಬೀದಿಗೊಂದು, ಮನೆಗೊಂದು ಸಣ್ಣ ಸರ್ವರ್ ಇದ್ದು ಅವೇ ಪರಸ್ಪರ ಮಾತಾಡಿಕೊಳ್ಳಬೇಕು, ನಡುವೆ ಯಜಮಾನನೊಬ್ಬ ಇರಬಾರದು ಎನ್ನುತ್ತಿದ್ದ. ಅದು ತಪ್ಪು ಎಂದು ರೋಸ್ವಿಟಾಳಿಗೂ ಅನ್ನಿಸಿರಲಿಲ್ಲ. ಒಮ್ಮೆ ಹಳೆಯ ಸೋಫಾ ಒಂದರ ಫೋಟೋ ತೆಗೆದಿದ್ದಕ್ಕೆ ತಿಂಗಳುಗಟ್ಟಲೆ ಫೋನಿನಲ್ಲಿ ಸೋಫಾ ಜಾಹೀರಾತುಗಳೇ ಅಟ್ಟಿಸಿಕೊಂಡು ಬಂದಿದ್ದವು. ಯಾರೋ ಕಿಟಕಿಯಿಂದ ಇಣುಕಿದ ಹಾಗೆ ಅವಳ ಮೈ ಉರಿದಿತ್ತು. ಮಾಡು ಎಂದಿದ್ದಳು.

ಅವನು ಮಾಡಿದ, ಮೂರು ಮಹಡಿಯ ಆ ಕಟ್ಟಡದ ಎಲ್ಲ ಮನೆಯವರನ್ನೂ ಸೇರಿಸಿಕೊಂಡೇ ಮಾಡಿದ. ಪೆಟ್ಟಿಗೆಗೆ ತಂಪು ಬೇಕು, ಕುದುರೆ ಕೂದಲಿನ ದೂಳು ಆಗದು ಎಂದಾಗ ರೋಸ್ವಿಟಾಳ ಮೇಜು ಅಡುಗೆಮನೆಗೆ ಬಂತು. ಅಂದಿನಿಂದ ಅವಳು ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗ ಸ್ಪ್ರಿಂಗ್ ಕಟ್ಟಿದಳು, ಊಟಕ್ಕೆ ಮುಂಚೆ ತಟ್ಟೆಗಳ ನಡುವಿನಿಂದ ಮೊಳೆ ಆರಿಸಿದಳು. ಫೋಲ್ಕರ್ ಬೆಳಗ್ಗೆ ಕಚೇರಿಗೆ ಹೋಗುತ್ತಿದ್ದ. ಫೋಟೋ ತೆರೆಯದವರು, ಪಾಸ್‌ವರ್ಡ್ ಮರೆತವರು ಹಗಲಿನಲ್ಲಿ ಬರುತ್ತಿದ್ದರು. ಎರಡನೇ ಮಹಡಿಯ ನೂರ್ತೆನ್ ಒಮ್ಮೆ ಹೇಳಿದ್ದಳು, ನಿನ್ನ ಗಂಡ ಅಂಗಡಿ ಇಟ್ಟ, ಗಲ್ಲಾದಲ್ಲಿ ನಿನ್ನನ್ನು ಕೂರಿಸಿದ ಎಂದು. ಫೋಲ್ಕರನ ತಾಯಿಗೆ ಮೊಮ್ಮಗಳ ಚಿತ್ರ ಹೇಗೆ ನೋಡುವುದೆಂದು ಫೋನಿನಲ್ಲಿ ಪ್ರತಿ ವಾರ ಹೇಳಿಕೊಡುತ್ತಿದ್ದವಳೂ ರೋಸ್ವಿಟಾಳೇ. ಆ ತಾಯಿ ಪ್ರತಿ ಸಲವೂ, ನನ್ನ ಮಗ ಎಷ್ಟು ಮಾಡುತ್ತಾನಲ್ಲ ಎಂದು ಫೋನ್ ಇಡುತ್ತಿದ್ದರು.

ಆ ಶರತ್ಕಾಲದಲ್ಲಿ ಗುಡ್ಡದ ಮೇಲಿನ ಹೆಂಗಸರ ಕಾರ್ಯಾಗಾರದಲ್ಲಿ ಒಂದು ಮೇಜು ಖಾಲಿಯಾಯಿತು. ಬಡಗಿತನ ಮಾಡುವವರು, ಪುಸ್ತಕ ಕಟ್ಟುವವರು ಸೇರಿ ಬಾಡಿಗೆ ಹಂಚಿಕೊಂಡ ಜಾಗ, ದೊಡ್ಡ ಕಿಟಕಿಗಳು, ಅಡುಗೆಯ ವಾಸನೆ ಇಲ್ಲ. ಮೇಜಿಗೆ ಇನ್ನಿಬ್ಬರು ಆಸೆಪಟ್ಟಿದ್ದರು. ಶನಿವಾರ ಮಧ್ಯಾಹ್ನ ಬಂದು ನಿನ್ನ ಕೆಲಸ ತೋರಿಸು ಎಂದು ಅಲ್ಲಿನ ಹಿರಿಯಳು ಗೆಶೆ ಹೇಳಿಕಳಿಸಿದಳು. ರೋಸ್ವಿಟಾ ಇಷ್ಟು ವರ್ಷ ಮಾಡಿದ ಕುರ್ಚಿಗಳೆಲ್ಲ ಕೊಂಡವರ ಮನೆ ಸೇರಿದ್ದವು. ಅವಳ ಬಳಿ ಉಳಿದದ್ದು ಅವುಗಳ ಫೋಟೋ. ಫೋಟೋ ಇದ್ದದ್ದು ಪೆಟ್ಟಿಗೆಯಲ್ಲಿ. ಬೇರೆಯವರ ಕೈಗೆ ಸಿಗದಿರಲೆಂದು, ಪೆಟ್ಟಿಗೆ ಸೇರಿದ ಕೂಡಲೇ ಫೋನಿನಿಂದ ಅವು ಅಳಿಸಿಹೋಗುವಂತೆ ಫೋಲ್ಕರ್ ಏರ್ಪಾಟು ಮಾಡಿದ್ದ.

ಅದೇ ವಾರ ಫೋಲ್ಕರ್ ಲೈಪ್‌ಜಿಗ್‌ಗೆ ಹೊರಟ. ಅವನಂಥವರೇ ಸೇರುವ ಸಮ್ಮೇಳನ, ಅಲ್ಲಿ ಅವನ ಭಾಷಣ. ಭಾಷಣದ ಹೆಸರು 'ನಿಮ್ಮ ಕೀಲಿ ನಿಮ್ಮ ಕೈಯಲ್ಲಿ'. ಅವನು ಹೋದ ಹಿಂದೆಯೇ ಬಾಗಿಲ ಹಿಡಿಗೆ ಗುಡಿಸುವ ವಾರದ ಹಲಗೆ ಬಂದು ನೇತುಬಿತ್ತು. ಆ ಹಲಗೆ ಯಾರ ಬಾಗಿಲಲ್ಲಿದೆಯೋ ಆ ಮನೆಯವರು ಆ ವಾರ ಮೆಟ್ಟಿಲು, ನೆಲಮಾಳಿಗೆ, ಮನೆ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು, ಶನಿವಾರ ಮುಗಿದ ಮೇಲೆ ಪಕ್ಕದ ಬಾಗಿಲಿಗೆ ದಾಟಿಸಬೇಕು. ಸ್ಟುಟ್‌ಗಾರ್ಟಿನಲ್ಲಿ ಗಂಡನನ್ನು ಬಿಟ್ಟರೆ ಕ್ಷಮಿಸುತ್ತಾರೆ, ಮೆಟ್ಟಿಲು ಗುಡಿಸದೆ ಬಿಟ್ಟರೆ ಇಲ್ಲ. ಹಲಗೆ 'ಮನೆಯವರಿಗೆ' ಬರುತ್ತಿತ್ತು. ಪೊರಕೆ ಮಾತ್ರ ಯಾವಾಗಲೂ ರೋಸ್ವಿಟಾಳ ಕೈಗೆ.

ಶುಕ್ರವಾರ ಅವಳು ಫೋಟೋಗಳನ್ನು ಆರಿಸಲು ಕೂತಳು. ಒಂದೂ ತೆರೆಯಲಿಲ್ಲ. ನೂರ್ತೆನ್‌ಳ ಮನೆಯಲ್ಲೂ ಇಲ್ಲ. ನೆಲಮಾಳಿಗೆಗೆ ಇಳಿದು ನೋಡಿದರೆ ಪೆಟ್ಟಿಗೆಯ ಪರದೆಯ ಮೇಲೆ ಒಂದೇ ಸಾಲು, ಪಾಸ್‌ವರ್ಡ್ ಕೊಡಿ ಎಂದು. ಅವಳ ಪಾಸ್‌ವರ್ಡ್ ಅಲ್ಲ, ಇಡೀ ಪೆಟ್ಟಿಗೆಯದು. ಕರೆಂಟು ಹೋಗಿ ಬಂದಾಗ ಮಾತ್ರ ಅದು ಬೇಕಾಗುತ್ತಿತ್ತು. ಹಿಂದೊಮ್ಮೆ ಅವಳು ಅದನ್ನು ಕೇಳಿದ್ದಳು. ನಮ್ಮೂರಲ್ಲಿ ಕರೆಂಟು ಯಾವತ್ತು ಹೋಗಿದೆ ಎಂದು ಫೋಲ್ಕರ್ ನಕ್ಕಿದ್ದ.

ಕರೆಂಟು ಹೋಗಿರಲಿಲ್ಲ. ನೆಲಮಾಳಿಗೆ ಫಳಫಳ ಹೊಳೆಯುತ್ತಿತ್ತು. ಮೂಲೆಯಲ್ಲಿ ಒಂದು ಜೇಡನ ಎಳೆಯೂ ಇರಲಿಲ್ಲ. ರೋಸ್ವಿಟಾಳಿಗೆ ಯಾರ ಕೈವಾಡ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಮೂರನೇ ಮಹಡಿಯ ಮುದುಕಿ, ಎಲ್ಲರೂ ಗೌರವದಿಂದ ಫ್ರಾವ್ ಎಂದು ಕರೆಯುವ ಹೇಬರ್ಲೆ, ತನ್ನ ವಾರವಲ್ಲದಿದ್ದರೂ, ರೋಸ್ವಿಟಾ ಮೂಲೆಗಳನ್ನು ಸರಿಯಾಗಿ ಗುಡಿಸುವಳೆಂಬ ನಂಬಿಕೆಯಿಲ್ಲದೆ ದೂಳೆಳೆಯುವ ಯಂತ್ರ ಹೊತ್ತು ಇಳಿದಿದ್ದಳು. ಯಂತ್ರಕ್ಕೆ ಪ್ಲಗ್ಗು ಚುಚ್ಚಲು ಜಾಗ ಬೇಕಾಗಿತ್ತು, ಪೆಟ್ಟಿಗೆಯದನ್ನು ಕಿತ್ತಿದ್ದಳು.

ರೋಸ್ವಿಟಾ ಲೈಪ್‌ಜಿಗ್‌ಗೆ ಫೋನ್ ಮಾಡಿದಳು. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಫೋಲ್ಕರ್, ಪೆಟ್ಟಿಗೆ ಪಾಸ್‌ವರ್ಡ್ ಕೇಳ್ತಾ ಇದೆ. ಹೇಳು, ಹೊಡೀತೀನಿ."

"ಯಾರು ಆಫ್ ಮಾಡಿದ್ದು?"

"ಹೇಬರ್ಲೆ. ಅದಿರಲಿ. ನಾಳೆ ಗೆಶೆಗೆ ಫೋಟೋ ತೋರಿಸ್ಬೇಕು. ಹೇಳು."

"ರೋಸಿ, ಇದು ಮಾಮೂಲಿ ಫೋನು. ಯಾರು ಬೇಕಾದ್ರೂ ಕದ್ದು ಕೇಳ್ಬಹುದು, ಇದರಲ್ಲಿ ಅದನ್ನೆಲ್ಲ ಹೇಳೋ ಹಾಗಿಲ್ಲ. ನಮ್ಮ ಮನೆ ಮೆಸೇಜಲ್ಲಿ ಕಳಿಸ್ತೀನಿ ಇರು."

"ನಮ್ಮ ಮನೆ ಮೆಸೇಜು ಎಲ್ಲಿಂದ ಬರತ್ತೆ?"



"ಸರ್ವರ್‌ನಿಂದ," ಎಂದ.

"ಸರ್ವರ್‌ಗೆ ಏನಾಗಿದೆ?"

ಭಾನುವಾರ ಬಂದವನೇ ಎರಡು ನಿಮಿಷದಲ್ಲಿ ಸರಿಮಾಡುತ್ತೇನೆ ಎಂದ. ಇದು ತತ್ವದ ಪ್ರಶ್ನೆ, ಹೇಳಿದರೆ ಆ ಹೆಂಗಸರಿಗೂ ಅರ್ಥವಾಗುತ್ತದೆ ಎಂದ. ಅಷ್ಟರಲ್ಲಿ ಯಾರೋ ಅವನನ್ನು ವೇದಿಕೆಗೆ ಕರೆದರು.

ಮೆಟ್ಟಿಲ ಮೇಲೆ ಕೂತ ರೋಸ್ವಿಟಾಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಬಿಡುವು ಬೇಕು. ಕಂಪನಿಯ ಉಗ್ರಾಣವಾಗಿದ್ದರೆ ಅವಳ ಕುರ್ಚಿಗಳನ್ನು ಯಾರಾರೋ ನೋಡುತ್ತಿದ್ದರು, ಅವಳೂ ನೋಡುತ್ತಿದ್ದಳು. ಈಗ ಯಾರೂ ನೋಡುವ ಹಾಗಿಲ್ಲ, ಅವಳೂ ನೋಡುವ ಹಾಗಿಲ್ಲ. ದೂರದಲ್ಲಿದ್ದ ಯಜಮಾನನನ್ನು ಕಳಿಸಿ ಮನೆಯೊಳಗೇ ಒಬ್ಬನನ್ನು ಕೂರಿಸಿಕೊಂಡಂತಾಯಿತಲ್ಲ ಎಂದು ತಲೆ ಚಿಟ್ಟುಹಿಡಿಯಿತು.

ಫ್ರಾವ್ ಹೇಬರ್ಲೆ ಮೇಲಿನಿಂದ ಇಳಿದು ಬಂದಳು. ಮಾಡಿದ್ದು ತಪ್ಪಾಯಿತೆಂದು ಮುದುಕಿಗೆ ಗೊತ್ತಾಗಿತ್ತು, ಆದರೆ ಹಾಗೆ ಹೇಳುವ ಅಭ್ಯಾಸವಿರಲಿಲ್ಲ.

"ಆ ಪ್ಲಗ್ಗಿನ ಮೇಲೆ ಎಷ್ಟು ದೂಳು ಕೂತಿತ್ತು ಗೊತ್ತಾ? ಒರೆಸಿಯೇ ವಾಪಸ್ ಹಾಕಿದೀನಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅದರೊಳಗೆ ನಿಮ್ಮದು ಏನಿತ್ತಮ್ಮ?"

"ನನ್ನ ಕುರ್ಚಿಗಳು, ಫ್ರಾವ್ ಹೇಬರ್ಲೆ. ಇಷ್ಟು ವರ್ಷದ್ದು ಎಲ್ಲ."

"ಕುರ್ಚಿ ಅಲ್ಲಿ ಯಾಕೆ ಇರ್ತವೆ? ನೀವು ನನಗೆ ಮಾಡಿಕೊಟ್ಟದ್ದು ನನ್ನ ಮನೇಲೇ ಇದೆ. ಬೆಳಗ್ಗೆ ಕೂತು ಕಾಫಿ ಕುಡಿದೆ."

ರೋಸ್ವಿಟಾ ತಲೆಯೆತ್ತಿ ಮುದುಕಿಯನ್ನು ನೋಡಿದಳು. ಆಮೇಲೆ ಎದ್ದು ನೂರ್ತೆನ್‌ಳ ಬಾಗಿಲು ತಟ್ಟಿದಳು.

ಶನಿವಾರ ಮಧ್ಯಾಹ್ನ ಗುಡ್ಡದ ಕಲ್ಲುಮೆಟ್ಟಿಲ ದಾರಿಯಲ್ಲಿ ರೋಸ್ವಿಟಾಳ ಕೈಕೆಲಸ ಹೊತ್ತ ಒಂದು ಸಣ್ಣ ಮೆರವಣಿಗೆ ಹತ್ತಿತು. ಮುಂದೆ ರೋಸ್ವಿಟಾ, ಅವಳ ತಲೆಯ ಮೇಲೆ ಫ್ರಾವ್ ಹೇಬರ್ಲೆಯ ಹಸಿರು ಕಾಫಿ ಕುರ್ಚಿ. ಹಿಂದೆ ನೂರ್ತೆನ್, ಎರಡು ಕಂಕುಳಲ್ಲಿ ಎರಡು ಕಾಲುಮಣೆ. ಬೀದಿಮೂಲೆಯ ಬೇಕರಿಯವಳು ಗಲ್ಲಾದ ಎತ್ತರದ ಸ್ಟೂಲನ್ನೇ ಕೊಟ್ಟು, ಸಂಜೆಯವರೆಗೆ ನಿಂತೇ ವ್ಯಾಪಾರ ಮಾಡುತ್ತೇನೆ ಹೋಗಿ ಎಂದಿದ್ದಳು. ಅದನ್ನು ಫ್ರಾವ್ ಹೇಬರ್ಲೆ ಹೊತ್ತಿದ್ದಳು. ತಿರುವು ಬಂದಲ್ಲೆಲ್ಲ ಅದನ್ನು ಇಳಿಸಿ ಅದರ ಮೇಲೆಯೇ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಾದುಹೋದವರೊಬ್ಬರು ಮನೆ ಬದಲಾಯಿಸುತ್ತಿದ್ದೀರಾ ಎಂದು ಕೇಳಿದರು.

"ಇಲ್ಲ, ಇವಳ ಗಂಡ ಲೈಪ್‌ಜಿಗ್‌ನಲ್ಲಿ ಭಾಷಣ ಮಾಡ್ತಿದಾನೆ," ಎಂದಳು ನೂರ್ತೆನ್.

ಕಾರ್ಯಾಗಾರದಲ್ಲಿ ಇನ್ನಿಬ್ಬರು ಫೋನು ಹಿಡಿದು ಕಾಯುತ್ತಿದ್ದರು. ಗೆಶೆ ಅವರ ಫೋಟೋಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿ, ಚೆನ್ನಾಗಿವೆ ಎಂದಳು. ರೋಸ್ವಿಟಾಳ ಸರದಿ ಬಂದಾಗ ಗೆಶೆ ಹಸಿರು ಕುರ್ಚಿಯನ್ನು ತಲೆಕೆಳಗು ಮಾಡಿದಳು. ಅಡಿಯ ಪಟ್ಟಿಗಳನ್ನು ಮುಷ್ಟಿಯಿಂದ ಗುದ್ದಿದಳು, ಮೊಳೆಗಳ ಸಾಲಿನ ಮೇಲೆ ಹೆಬ್ಬೆರಳು ಎಳೆದಳು. ಎಷ್ಟು ವರ್ಷದ್ದು ಎಂದು ಕೇಳಿದಳು. ನನ್ನ ಗಂಡ ಸತ್ತ ವರ್ಷ ಮಾಡಿಸಿದ್ದು, ಆವತ್ತಿನಿಂದ ದಿನಾ ಕೂರುತ್ತಿದ್ದೇನೆ, ನಾನೇನು ಹಗುರಾದ ಹೆಂಗಸಲ್ಲ ಎಂದಳು ಫ್ರಾವ್ ಹೇಬರ್ಲೆ. ಗೆಶೆ ನಕ್ಕುಬಿಟ್ಟಳು. ಒಳಗೆ ಹೋಗಿ ಜೊತೆಯವರೊಂದಿಗೆ ಮಾತಾಡಿ ಬಂದು, ಸೋಮವಾರದಿಂದ ಬಾ ಎಂದು ಬಾಗಿಲ ಕೀಲಿಯನ್ನು ರೋಸ್ವಿಟಾಳ ಅಂಗೈಯಲ್ಲಿಟ್ಟಳು.

ಕುರ್ಚಿಗಳನ್ನು ಇಳಿಸಿ ಮನೆಮನೆಗೆ ಮುಟ್ಟಿಸುವಾಗ ಕತ್ತಲಾಗುತ್ತ ಬಂದಿತ್ತು. ಬಾಗಿಲಲ್ಲಿ ಹಲಗೆ ಹಾಗೇ ನೇತಾಡುತ್ತಿತ್ತು. ಮೆಟ್ಟಿಲ ಮೇಲೆ ಅವರ ಚಪ್ಪಲಿಗಳೇ ತಂದ ಎಲೆ, ಮಣ್ಣು. ರೋಸ್ವಿಟಾ ಪೊರಕೆಯತ್ತ ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಫ್ರಾವ್ ಹೇಬರ್ಲೆ ಆ ಎಲೆಗಳನ್ನು ತುಳಿದುಕೊಂಡೇ ಮೂರು ಮಹಡಿ ಹತ್ತಿದಳು, ತುಟಿ ಬಿಚ್ಚಲಿಲ್ಲ. ಅವಳ ಆಯುಷ್ಯದಲ್ಲೇ ಇದು ಮೊದಲು.

ಭಾನುವಾರ ಸಂಜೆ ಫೋಲ್ಕರ್ ಬಂದ. ಭಾಷಣಕ್ಕೆ ಜೋರು ಚಪ್ಪಾಳೆ ಬಿದ್ದಿತ್ತು. ಮೆಟ್ಟಿಲು ನೋಡಿ, ನಿನಗೆ ಹುಷಾರಿಲ್ಲವಾ ಎಂದು ಕೇಳಿದ. ಅವಳು ಅವನ ಹಿಂದೆ ನೆಲಮಾಳಿಗೆಗೆ ಇಳಿದಳು. ಅವನು ಮೈ ಅಡ್ಡ ಮಾಡಿ ಪಾಸ್‌ವರ್ಡ್ ಹೊಡೆದ. ಪೆಟ್ಟಿಗೆ ಗುಂಯ್ ಎಂದಿತು.

"ಅದನ್ನ ನಂಗೂ ಹೇಳು," ಎಂದಳು.

"ಒಬ್ಬರ ಹತ್ರ ಇದ್ರೇನೇ ಭದ್ರ, ರೋಸಿ. ಅಲ್ದೆ ನೀನು ಆ ತಲೆನೋವೆಲ್ಲ ಯಾಕೆ..."

ಅವಳು ಮೇಲೆ ಹೋಗಿ ಬಾಗಿಲಿನ ಹಲಗೆ ಬಿಚ್ಚಿ ತಂದಳು. ಪೆಟ್ಟಿಗೆಯ ಕಪಾಟಿನ ಹಿಡಿಗೆ ಅದನ್ನು ನೇತುಹಾಕಿದಳು.

"ಇದಕ್ಕೂ ಗುಡಿಸೋದಕ್ಕೂ ಏನು ಸಂಬಂಧ?" ಎಂದ ಫೋಲ್ಕರ್.

"ಈ ಹಲಗೆ ವಾರ ವಾರ ಬಾಗಿಲು ಬದಲಾಯಿಸತ್ತೆ. ಅದನ್ನ ತನ್ನ ಹತ್ರಾನೇ ಇಟ್ಕೊಂಡು, ಊರೂರಲ್ಲಿ ಹಂಚಿಕೊಳ್ಳಿ ಅಂತ ಯಾರೂ ಭಾಷಣ ಮಾಡಲ್ಲ. ಮನೆಯವರೆಲ್ಲರದ್ದೂ ಇದರೊಳಗಿದೆ ಅಂದ್ಮೇಲೆ ಕೀಲಿನೂ ಎಲ್ಲರ ಬಾಗಿಲಿಗೆ ಬರ್ಲಿ. ಕರೆಗಂಟೆನೂ ಎಲ್ಲರ ಮನೇಲಿ ಹೊಡ್ಕೊಳ್ಳಿ. ಪೊರಕೆ ಅಲ್ಲಿದೆ. ಈ ವಾರದ್ದು ಇನ್ನೂ ಬಾಕಿ ಇದೆ, ಅದು ನಮ್ಮದು, ಅಂದ್ರೆ ನಿನ್ನದು."

ಭಾನುವಾರ ಮನೆಕೆಲಸದ ಸದ್ದು ಮಾಡಬಾರದೆಂಬುದು ಊರ ಕಟ್ಟಳೆ, ಗುಡಿಸಿದರೆ ಫ್ರಾವ್ ಹೇಬರ್ಲೆ ಪೊಲೀಸರನ್ನೇ ಕರೆದಾಳು ಎಂದು ಅವನು ನೆಪ ಹೇಳಿದ. ಸೋಮವಾರ ಬೆಳಗ್ಗೆ ಗುಡಿಸಿದ. ಮುದುಕಿ ಮೇಲಿನ ಮೆಟ್ಟಿಲಲ್ಲಿ ನಿಂತು ಮೂಲೆ ಮೂಲೆ ತೋರಿಸಿ ಎರಡೆರಡು ಸಲ ಗುಡಿಸಿಸಿದಳು, ಅವನ ಕೈಯಿಂದ. ಪಾಸ್‌ವರ್ಡ್ ಮನೆಯವರಿಗೆಲ್ಲ ಸಿಗಲು ಇನ್ನೂ ಕೆಲವು ವಾರ, ಎರಡು ಜಗಳ ಮತ್ತು ಅಡುಗೆಯಿಲ್ಲದ ಒಂದು ಭಾನುವಾರ ಬೇಕಾದವು. ಅದಕ್ಕಾಗಿ ರೋಸ್ವಿಟಾ ಕಾಯಲಿಲ್ಲ. ತನ್ನ ಫೋಟೋಗಳನ್ನೆಲ್ಲ ಬೆರಳುದ್ದದ ಒಂದು ಸಣ್ಣ ಡಿಸ್ಕಿಗೆ ಇಳಿಸಿ, ತನ್ನದೇ ಪಾಸ್‌ವರ್ಡ್ ಹಾಕಿ, ಗುಡ್ಡದ ಮೇಲಿನ ಮೇಜಿನ ಖಾನೆಯಲ್ಲಿಟ್ಟಳು.

ಒಂದು ಸಂಜೆ ಫೋಲ್ಕರ್ ಅವಳನ್ನು ಕರೆದೊಯ್ಯಲು ಅಲ್ಲಿಗೆ ಬಂದ. ಕಿಟಕಿ ದೊಡ್ಡದಾಗಿದೆ ಎಂದ, ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದ. ಇದರ ಪಾಸ್‌ವರ್ಡ್ ನನಗೂ ಹೇಳಿರು, ಎಲ್ಲಾದರೂ ನೀನು ಮರೆತರೆ ಕಷ್ಟ ಎಂದ.

ರೋಸ್ವಿಟಾ ತಿರುಗಿ ನೋಡಿದಳು. ಒಂದು ಕೈಯಲ್ಲಿ ಎಳೆದು ಹಿಡಿದ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಸುತ್ತಿಗೆಯ ತುದಿಯಿಂದಲೇ ತುಟಿಗಳ ನಡುವಿನ ಮೊಳೆಗಳನ್ನು ತೋರಿಸಿ, ಮತ್ತೆ ಕುರ್ಚಿಯತ್ತ ಬಾಗಿದಳು.