ಬಿಸಿಲಿಗೆ ಹಿಡಿದು ಆರಿಸಿದ ಓದು

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ ಶಾಂತವ್ವ, ಕೆಲಸಕ್ಕೆ ಹೊರಡುವಾಗ ರೊಟ್ಟಿಯ ಗಂಟಿನ ಪಕ್ಕದಲ್ಲೇ ಒಂದು ಕಾದಂಬರಿಯನ್ನೂ ಚೀಲಕ್ಕೆ ಇಳಿಸುತ್ತಿದ್ದಳು. ಬ್ಯಾಡಗಿಯ ಅಂಗಳವೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಅವಳೂ ಒಬ್ಬಳು. ಮಧ್ಯಾಹ್ನ ಉಂಡಾದ ಮೇಲೆ ಸಿಗುವ ಅರ್ಧ ತಾಸಿನಲ್ಲಿ, ಖಾರ ಹತ್ತಿದ ಕೈಯನ್ನು ಎರಡೆರಡು ಸಲ ತೊಳೆದು, ಬೇವಿನ ಮರದ ಬುಡದಲ್ಲಿ ಕುಳಿತು, ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳುವುದು ಅವಳ ರೂಢಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಿಜ. ಆದರೆ ಅವಳು ಓದಿದರೆ, ಗೆಳೆಯರೇ, ಅಲ್ಪವಿರಾಮ ಕೂಡ ಕಿವಿಗೆ ಕೇಳಿಸುತ್ತದೆ.

ಕಳೆದ ವರ್ಷ ಆ ಓದು ನಿಂತಿತು. ಸಕ್ಕರೆ ಕಾಯಿಲೆ ಕಣ್ಣಿಗೂ ತಟ್ಟಿ, ಕನ್ನಡಕ ಬದಲಿಸಿದರೂ ಅಚ್ಚಿನ ಅಕ್ಷರಗಳು ಕಲೆಸಿಹೋಗತೊಡಗಿದವು. ಮನೆ ಬಿಟ್ಟು ಬಂದ ನಾಯಕಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ಕುಳಿತಿರುವಾಗಲೇ ಚಿಗವ್ವ ಪುಸ್ತಕ ಮುಚ್ಚಬೇಕಾಯಿತು. ಬೇರೆ ಯಾರಾದರೂ ಮುಂದುವರಿಸಲಿ ಎಂದರೆ ಹೆಂಗಸರು ಒಪ್ಪಲಿಲ್ಲ. "ನೀ ಓದಿದ್ರನ ಕೇಳತೇವಿ, ಇಲ್ಲಾಂದ್ರ ಬ್ಯಾಡ" ಎಂದರಂತೆ. ಚಿಗವ್ವ ಇದನ್ನು ನನಗೆ ನಗುತ್ತಲೇ ಹೇಳಿದಳು. ನಕ್ಕ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

ಹಾವೇರಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಬಳಿ ಒಂದು ಟ್ಯಾಬ್ಲೆಟ್ ಇದೆ. ರಾಣೆಬೆನ್ನೂರಿನ ಗೆಳತಿಯ ಬಳಿ ಇ-ರೀಡರ್, ಓದುವುದಕ್ಕೆಂದೇ ಮಾಡಿದ, ಕಾಗದದಂತೆ ಹೊಳಪಿಲ್ಲದ ಪರದೆಯ ತೆಳುವಾದ ಸಾಧನ. ಗೆಳತಿಯದನ್ನು ಎರಡು ದಿನದ ಮಟ್ಟಿಗೆ ಬೇಡಿ ತಂದು, ಎರಡರಲ್ಲೂ ಆ ಅರ್ಧ ಉಳಿದ ಕಾದಂಬರಿಯನ್ನೇ ತುಂಬಿಸಿಕೊಂಡು, ರಜೆಯ ದಿನ ಬ್ಯಾಡಗಿಗೆ ಹೋದೆ. ಮನಸ್ಸಿನಲ್ಲಿ ತೀರ್ಪು ಆಗಲೇ ಆಗಿತ್ತು: ಟ್ಯಾಬ್ಲೆಟ್ಟೇ ಸರಿ. ಅದರಲ್ಲಿ ಬಣ್ಣವಿದೆ, ಚಿತ್ರವಿದೆ, ಮೊಮ್ಮಕ್ಕಳ ಮುಖ ನೋಡುತ್ತ ಮಾತಾಡಬಹುದು. ಚಿಗವ್ವನಿಗೆ ಏನು ಬೇಕೆಂದು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ಅವಳು ಎರಡನ್ನೂ ಎತ್ತಿಕೊಂಡು ಸೀದಾ ಮನೆಯ ಮುಂದಿನ ಅಂಗಳಕ್ಕೆ ನಡೆದಳು.

"ಒಳಗ ಕುಂತು ನೋಡ, ಚಿಗವ್ವಾ" ಎಂದೆ.

"ನಾ ಓದೂದು ಹೊರಗ. ಹೊರಗನ ನೋಡಬೇಕು."

ಟ್ಯಾಬ್ಲೆಟ್ಟನ್ನು ಬಿಸಿಲಿಗೆ ಹಿಡಿದಳು, ಓರೆ ಮಾಡಿದಳು, ಸೆರಗಿನ ನೆರಳು ಕೊಟ್ಟಳು. "ಇದರಾಗ ನನ್ನ ಮಾರೀನ ಕಾಣತೈತಿ" ಎಂದಳು, ಹೊಳೆಯುವ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ. ನೆರಳಿಗೆ ಬಂದು, ನಾನು ಅಕ್ಷರ ದೊಡ್ಡದು ಮಾಡಿಕೊಟ್ಟ ಮೇಲೂ, ನಾಲ್ಕು ಪುಟ ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ಮುಂಗೈ ಸೋತಿತು. ಇ-ರೀಡರ್ ಕೈಗೆ ಬಂದಾಗ ಮೊದಲು ಮೂಗು ಮುರಿದಳು. ಬೂದು ಬಣ್ಣ, ಪುಟ ತಿರುವಿದರೆ ಒಂದು ಕ್ಷಣದ ತಡ. ಇದರಲ್ಲೂ ಅಕ್ಷರವನ್ನು ದೊಡ್ಡದು ಮಾಡುತ್ತ ಹೋದೆ. ಸಾಲಿಗೆ ನಾಲ್ಕೇ ಶಬ್ದ ಉಳಿದಾಗ ಸಂಕೋಚದಿಂದ, "ಭಾಳ ಸಲ ಪುಟ ತಿರುವಬೇಕಾಗತೈತಿ" ಎಂದೆ.

"ತಿರುವತೇನಿ. ಬಟ್ಟಿಗೆ ಬ್ಯಾರೆ ಏನು ಕೆಲಸ?" ಎಂದು ಬೆರಳು ಆಡಿಸಿ ತೋರಿಸಿದವಳು ಬಿಸಿಲಲ್ಲೇ ಒಂದು ಪುಟ ಮುಗಿಸಿ, ಟ್ಯಾಬ್ಲೆಟ್ಟನ್ನು ನನಗೆ ಮರಳಿ ಕೊಟ್ಟಳು. "ಇದು ನೋಡಾಕ ಛಲೋ ಐತಿ. ನನಗ ಓದಾಕ ಬೇಕಾಗೇತಿ."

ನೋಡುವುದಕ್ಕೂ ಓದುವುದಕ್ಕೂ ನಡುವಿನ ಗೆರೆಯನ್ನು ಇಷ್ಟು ನೇರವಾಗಿ ಯಾವ ತರಗತಿಯಲ್ಲೂ ನಾನು ಹೇಳಿಕೊಟ್ಟಿರಲಿಲ್ಲ. ಸೋತೆ ಎನ್ನುವುದಕ್ಕಿಂತ, ಇಂಥವಳ ಮಗಳಂಥವಳು ನಾನು ಎಂಬ ಹೆಮ್ಮೆಯೇ ಹೆಚ್ಚಾಯಿತು. ಅವಳಿಗೊಂದು ಹೊಸ ಇ-ರೀಡರ್ ತರಿಸಿಕೊಟ್ಟೆ.

ಮೊದಲ ಓದಿಗೆ ನಾನೂ ಹೋಗಿದ್ದೆ. ಎಲ್ಲಿ ನಿಂತಿತ್ತೆಂದು ಚಿಗವ್ವ ಹುಡುಕುವ ಮೊದಲೇ ಒಬ್ಬಳು, "ಬಸ್ ಸ್ಟ್ಯಾಂಡಿನಾಗ ಕುಂತಾಳಲ್ಲ, ಅಲ್ಲಿಂದ" ಎಂದಳು. ಚಿಗವ್ವ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ನಾಲ್ಕು ಶಬ್ದಕ್ಕೊಂದು ಸಾಲು ಮುರಿದರೂ ದನಿ ಎಲ್ಲೂ ಮುರಿಯಲಿಲ್ಲ.

ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳು ನನ್ನತ್ತ ಬಾಗಿ ಪಿಸುಗುಟ್ಟಿದಳು: "ಓದಾಕತ್ತಾರಲ್ಲ, ಅವರು ಸಾಲಿ ಟೀಚರ್ ಏನ್ರಿ?"

"ಅಲ್ರಿ, ಟೀಚರ್ ನಾನು" ಎಂದೆ. "ಅವರು ನಮ್ಮ ಚಿಗವ್ವ."