ಬೇಡ ಎಂದೇ ಒತ್ತುವ ದರ್ಜಿ

“ಡಬ್ಬಿಯಿಂದ ಆಚೆ ಬಂದು ಗಳಿಗೆ ಆಗಿಲ್ಲ, ಆಗ್ಲೇ ನಿನ್ನ ಫೋಟೋ ನೋಡ್ಲಾ ಅನ್ನುತ್ತೆ, ನಿನ್ನ ಮಾತು ಕೇಳಿಸ್ಕೊಳ್ಲಾ ಅನ್ನುತ್ತೆ! ಹೆಣ್ಣು ಕೊಟ್ಟ ಮಾವನೂ ನನ್ನನ್ನ ಇಷ್ಟು ವಿಚಾರಿಸಿರ್ಲಿಲ್ಲ ಕಣಕ್ಕಾ!” ಹೊಸ ಸ್ಮಾರ್ಟ್‌ಫೋನ್ ತಂದ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ದರ್ಜಿ ನನ್ನೆದುರು ಹೀಗೆ ಕೂಗಾಡುತ್ತಿದ್ದ. ಅಳತೆಗೆ ಬಂದವರ ಮನೆ ಸುದ್ದಿಯನ್ನೆಲ್ಲ ಕೆದಕಿ ಕೇಳುವವನು ಇವನು. ತನ್ನನ್ನು ಯಾರಾದರೂ ಕೇಳಿದರೆ ಮಾತ್ರ ಕೆಂಡವಾಗುತ್ತಾನೆ. ಫೋನು ಕೇಳಿದ್ದಕ್ಕೆಲ್ಲ ಗುಂಡಿ ಕೂರಿಸುವಂತೆ ಒತ್ತಿ ಒತ್ತಿ ‘ಬೇಡ’ ಎಂದ. ‘ನೀವಿರುವ ಜಾಗ ನಿಮ್ಮವರ ಫೋನಿಗೆ ತಿಳಿಸಲೇ?’ ಎಂದು ಅದು ಕೇಳಿದಾಗ ಮಾತ್ರ ‘ಯಾವಾಗಲೂ’ ಒತ್ತಿದ. ಮನೆಯ ದಾರಿ ಮರೆಯತೊಡಗಿರುವ ಹೆಂಡತಿಗೆಂದೇ ತಂದ ಫೋನದು. “ಇವಳೆಲ್ಲಿದ್ದಾಳೆ ಅನ್ನೋದೊಂದನ್ನಾದ್ರೂ ನೆಟ್ಟಗೆ ಹೇಳು, ಬಾಯಿಬಡುಕಾ” ಎಂದು ಗದರಿ, ಅವಳ ಚೀಲಕ್ಕೆ ತಾನೇ ಹೊಲಿದಿದ್ದ ಒಳಜೇಬಿನಲ್ಲಿ ಅದನ್ನಿಟ್ಟು, ಅವಳನ್ನು ಹಾಲು ತರಲು ಕಳಿಸಿದ.