ಅಂಕಪಟ್ಟಿ ಹಿಡಿದು ದೇವನಹಳ್ಳಿಗೆ

ಈ ಪ್ರಯಾಣದ ವಿಷಯ ಬರೆಯಬೇಕೆಂದುಕೊಂಡು ಎರಡು ಯುಗಾದಿ ಕಳೆದವು. ಕುಳಿತಾಗಲೆಲ್ಲ ಬಸ್ಸು, ಬಿಸಿಲು ಎಂದು ನಾಲ್ಕು ಸಾಲು ಬರೆದು ಪೆನ್ನು ಮುಚ್ಚುತ್ತಿದ್ದೆ. ಉಳಿದದ್ದನ್ನು ಇವತ್ತು ಹೇಳಿಬಿಡುತ್ತೇನೆ.

ತ್ಯಾಮಗೊಂಡ್ಲಿನಿಂದ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟೆ. ಕೈಯಲ್ಲಿ ಕಂದು ಬಣ್ಣದ ಕವರು, ಅದರೊಳಗೆ ಒಬ್ಬ ಹೆಂಗಸಿನ ಪಿಯುಸಿ ಮೂಲ ಅಂಕಪಟ್ಟಿ. ನೆಲಮಂಗಲದಲ್ಲಿ ಇಳಿದು ಎರಡು ಇಡ್ಲಿ ತಿಂದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಹೆಚ್ಚಿನವರು ಹೆಂಗಸರು, ಅವರಿಗೆ ಟಿಕೆಟ್ಟು ಪುಕ್ಕಟೆ. ಹಿರಿಯರ ರಿಯಾಯಿತಿ ಕೇಳಿದೆ. ಕಂಡಕ್ಟರು ವಯಸ್ಸಿನ ದಾಖಲೆ ಕೇಳಿದ. ಆಧಾರ್ ಮನೆಯಲ್ಲೇ ಉಳಿದಿತ್ತು.

"ತಲೆ ನೋಡಪ್ಪಾ, ಗೊತ್ತಾಗಲ್ವಾ?"

"ನಂಗೆ ಗೊತ್ತಾಗ್ತದೆ ಯಜಮಾನ್ರೇ. ಈ ಮೆಷಿನ್‌ಗೆ ಬಿಳಿ ಕೂದ್ಲು ಕಾಣಲ್ಲ. ಆ ಕವರ್‌ನಲ್ಲೇನೂ ಇಲ್ವಾ?"

"ಇದು ನಂದಲ್ಲ" ಎಂದು ಪೂರ್ತಿ ಟಿಕೆಟ್ ತೆಗೆದುಕೊಂಡೆ.

ಮಧುರೆ ದಾಟುವವರೆಗೂ ಪಕ್ಕದ ಸೀಟು ಖಾಲಿಯೇ ಇತ್ತು. ಕವರನ್ನು ಅಲ್ಲಿಡಲು ಮನಸ್ಸಾಗದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ನಮ್ಮೂರಲ್ಲಿ ನಡೆಯುವುದು, ಮಾತಾಡುವುದು ತಡವಾದ ಪುಟ್ಟ ಮಕ್ಕಳಿಗೆ ಒಂದು ಶಾಲೆಯಿತ್ತು. ಎಸ್ಸೆಸ್ಸೆಲ್ಸಿ ಓದಿದ ನಾನು ಅದಕ್ಕೆ ಕಾರ್ಯದರ್ಶಿ. ಕೆಲಸಕ್ಕೆ ಸೇರಿದವರು ನಡುವರ್ಷದಲ್ಲಿ ಬಿಟ್ಟುಹೋಗದಿರಲಿ ಎಂದು ಅವರ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಈ ಕವರಿನ ಅಂಕಪಟ್ಟಿಯ ಹೆಂಗಸು ಅಲ್ಲಿ ಒಂಬತ್ತು ವರ್ಷ ಕಲಿಸಿದಳು. ಕತ್ತು ನಿಲ್ಲದ ಮಗುವನ್ನು ತೊಡೆಯ ಮೇಲೆ ಹೇಗೆ ಕೂರಿಸಬೇಕೆಂದು ತಾಯಂದಿರಿಗೂ ಅವಳೇ ಹೇಳಿಕೊಡಬೇಕಿತ್ತು. ಚಿಕ್ಕ ಮಕ್ಕಳ ವಿಶೇಷ ಶಿಕ್ಷಣದ ಡಿಪ್ಲೊಮಾಗೆ ಸೀಟು ಸಿಕ್ಕಿ, ದಾಖಲೆ ಪರಿಶೀಲನೆಗೆ ಮೂಲ ಅಂಕಪಟ್ಟಿ ಬೇಕೆಂದು ಕೇಳಿದಳು. ಕೋರ್ಸು ಮುಗಿದರೆ ವಿಶೇಷ ಶಿಕ್ಷಕಿಯೆಂದು ನೋಂದಣಿ ಸಂಖ್ಯೆ ಬರುತ್ತದೆ, ಸಂಖ್ಯೆ ಬಂದರೆ ಹೆಚ್ಚು ಸಂಬಳದ ಕಡೆಗೆ ಹೋಗುತ್ತಾಳೆ ಎಂದು ನನಗೆ ಭಯವಾಯಿತು. "ಬೀರು ಕೀ ಅಧ್ಯಕ್ಷರ ಹತ್ರ ಇದೆ ಕಣಮ್ಮ, ಅವರು ಊರಲ್ಲಿಲ್ಲ" ಎಂದೆ. ಕೀ ನನ್ನ ಜೇಬಿನಲ್ಲಿತ್ತು. ಸೀಟು ಹೋಯಿತು.

ಮೂರು ವರ್ಷದ ಮೇಲೆ ತಪಾಸಣೆಗೆ ಬಂದವರು, ನೋಂದಣಿ ಇಲ್ಲದವರು ಕಲಿಸುವಂತಿಲ್ಲ ಎಂದರು. ಅರ್ಹತೆ ಇಲ್ಲವೆಂದು ನಾನೇ ಪತ್ರ ಬರೆದು ಅವಳನ್ನು ತೆಗೆದುಹಾಕಿದೆ. ಆಗಲೂ ಅಂಕಪಟ್ಟಿ ಕೊಡಲಿಲ್ಲ. ಬೀರು ತೆರೆಯಲು ನನ್ನ ಜೇಬಿನಿಂದ ಕೀ ತೆಗೆದರೆ ಮೊದಲಿನ ಸುಳ್ಳು ಬಯಲಾಗುತ್ತಿತ್ತು. "ಹುಡುಕಿಸ್ತೀನಿ" ಎಂದೆ. ಎರಡು ಸಲ ಬಂದು ಕೇಳಿದಳು. ಮತ್ತೆ ಬರಲಿಲ್ಲ. ಶಾಲೆ ಮುಚ್ಚಿ ಬೀರು ಖಾಲಿ ಮಾಡಿದ ದಿನ ಕವರು ನನ್ನ ಮನೆಗೆ ಬಂತು.

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹನ್ನೊಂದೂವರೆಗೆ ದೇವನಹಳ್ಳಿ ತಲುಪಿದೆ. ಆಕೆ ಅಲ್ಲಿ ಇಂಥದೇ ಮಕ್ಕಳ ಶಾಲೆಯೊಂದರಲ್ಲಿರುವಳೆಂದು ಹಳೆಯ ಪೋಷಕರೊಬ್ಬರು ಹೇಳಿದ್ದರು. ಕೋಟೆಯ ಆಚೆಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ತಲೆಯ ಮೇಲೆ ವಿಮಾನವೊಂದು ತೀರಾ ತಗ್ಗಿನಲ್ಲಿ ಇಳಿಯುತ್ತಿತ್ತು. ಶಾಲೆಯ ಜಗಲಿಯಲ್ಲಿ ಕುಳಿತಿದ್ದ ಮಕ್ಕಳಲ್ಲಿ ಒಬ್ಬರೂ ಕತ್ತೆತ್ತಲಿಲ್ಲ.

ಇಪ್ಪತ್ತು ವರ್ಷ ತುಂಬದ ಹುಡುಗಿಯರ ನಡುವೆ, ಅವರದೇ ಯೂನಿಫಾರ್ಮ್ ಸೀರೆಯಲ್ಲಿ, ನರೆಗೂದಲಿನ ಆಕೆ ನೆಲದ ಮೇಲೆ ಕುಳಿತು ಒಂದು ಮಗುವಿಗೆ ಚಮಚ ಹಿಡಿಸುತ್ತಿದ್ದಳು. ಆಕೆಯದೂ ಅವರ ಜೊತೆ ಡಿಪ್ಲೊಮಾ ಮೊದಲ ವರ್ಷವಂತೆ. "ಅಕ್ಕಾ, ನಿಮ್ ಫೈಲ್ ನೋಡಿ ಬರ್ಕೊಳ್ಲಾ?" ಎಂದು ಒಬ್ಬಳು ಕೇಳುತ್ತಿದ್ದಳು. "ಮಗೂನ ನೋಡಿ ಬರಿಯೇ, ಕಳ್ಳಿ" ಎಂದು ನಕ್ಕವಳು ನನ್ನನ್ನು ಕಂಡು ಎದ್ದಳು.

"ಬನ್ನಿ ಸಾರ್. ಊಟ ಆಯ್ತಾ?"

ಕವರು ಕೊಟ್ಟೆ. ಹೊರತೆಗೆದು ನೋಡಿದಳು.

"ಡೂಪ್ಲಿಕೇಟ್ ಮಾಡಿಸ್ಕೊಂಡೆ ಸಾರ್. ಕಳೆದ್ಹೋಗಿದೆ ಅಂತ ಸ್ಟೇಷನ್‌ನಲ್ಲಿ ಬರ್ಕೊಟ್ಟೆ."

"ಕಳೆದಿರಲಿಲ್ಲವಲ್ಲಮ್ಮ."

"ಬೀರುನಲ್ಲಿದೆ ಅಂದ್ರೆ ಡೂಪ್ಲಿಕೇಟ್ ಕೊಡ್ತಾರಾ? 'ನನ್ನ ಅಜಾಗರೂಕತೆಯಿಂದ' ಅಂತ ಅಫಿಡವಿಟ್‌ನಲ್ಲಿ ಮೊದ್ಲೇ ಟೈಪ್ ಆಗಿರ್ತದೆ. ನಾನು ಸೈನ್ ಹಾಕ್ದೆ, ಅಷ್ಟೆ."

ಕೋಪವಿಲ್ಲದ ದನಿ. ನನಗೆ ಕೋಪವೇ ಬೇಕಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಮಗು ಗಂಜಿ ಚೆಲ್ಲಿತು, ಆಕೆ ಅತ್ತ ಬಾಗಿದಳು. ಒರೆಸಿ ಮುಗಿಸುವವರೆಗೂ ನಿಂತೇ ಇದ್ದೆ. ಅವಳು ತಿರುಗಿದಾಗ, "ಬಿಸಿಲು ಜಾಸ್ತಿ ಇದೆ ಇಲ್ಲಿ" ಎಂದೆ.

"ಹೂಂ ಸಾರ್. ಇದನ್ನ ನೀವೇ ತಗೊಂಡ್ಹೋಗಿ. ಎರಡೆರಡು ಇದ್ರೆ ನಾನು ಸುಳ್ಳು ಹೇಳಿದಂಗೆ ಆಗ್ತದೆ."

ಕವರು ಮತ್ತೆ ನನ್ನ ಕೈಗೆ ಬಂತು.

ವಾಪಸು ಬರುವಾಗ ದೊಡ್ಡಬಳ್ಳಾಪುರದಿಂದ ಬಸ್ಸು ಕಿಕ್ಕಿರಿದಿತ್ತು. ಕಿಟಕಿಗೆ ಮುಖ ಮಾಡಿ, ಹೇಳಬೇಕಾಗಿದ್ದ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಯಾವಾಗಲೋ ದನಿ ಹೊರಗೆ ಬಂತು: "ತಪ್ಪಾಯ್ತಮ್ಮ, ನಂದೇ ತಪ್ಪು."

ಎದುರಿಗೆ ಕಂಬ ಹಿಡಿದು ನಿಂತಿದ್ದ ಕಾರ್ಖಾನೆಯ ಹೆಣ್ಣುಮಗಳು ಕೆಳಗೆ ನೋಡಿದಳು. ನನ್ನ ಚಪ್ಪಲಿ ಅವಳ ಕಾಲಿಗೆ ತಗಲಿತ್ತು.

"ಅಯ್ಯೋ, ಪರವಾಗಿಲ್ಲ ಬಿಡಿ ತಾತ" ಎಂದು ನಕ್ಕಳು.

ನಾನು ಕಾಲು ಎಳೆದುಕೊಂಡೆ. ಆ ಮಾತು ಅವಳಿಗೆ ಹೇಳಿದ್ದಲ್ಲ, ಗಂಗಲಕ್ಷ್ಮಿಗೆ.